ಹೊಗೆಯಿಲ್ಲದ ಬೆಸುಗೆ

ನಮ್ಮ ಭಾವನನ್ನು ಪಂಪ್ ಕಾರ್ಖಾನೆಯಲ್ಲಿ ಎಲ್ಲರೂ ‘ಕೂದಲೆಳೆ’ ಎಂದೇ ಕರೆಯುತ್ತಿದ್ದರು. ಲೇತ್ ಮೇಲೆ ತಾವು ಕಡೆದ ಶಾಫ್ಟು ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಯಾರೂ ಹೇಳುವ ಮೊದಲೇ ಎತ್ತಿ ಗುಜರಿ ಡಬ್ಬಕ್ಕೆ ಎಸೆಯುತ್ತಿದ್ದರು. ಅವರ ಬಗ್ಗೆ ಒಂದು ಒಳ್ಳೆಯ ಮಾತು ಆಡಬೇಕಲ್ಲ, ಅದನ್ನು ಮೊದಲೇ ಆಡಿ ಮುಗಿಸಿದ್ದೇನೆ. ಮುಂದೆ ಆಡಲು ನನಗೆ ಮನಸ್ಸು ಬರಲಿಕ್ಕಿಲ್ಲ.

ದಿನವಿಡೀ ಕಾರ್ಖಾನೆಯಲ್ಲಿ ಕಬ್ಬಿಣ ಕಡೆದ ಮನುಷ್ಯ ಮನೆಗೆ ಬಂದು ಮತ್ತೆ ಅದಕ್ಕೇ ಅಂಟಿಕೊಳ್ಳುತ್ತಿದ್ದರು. ಅವರಿಗೆ ಪುಟ್ಟ ಎಂಜಿನ್ನುಗಳ ಹುಚ್ಚು. ಅಂಗೈ ಮೇಲೆ ಕೂರುವ ಉಗಿ ಎಂಜಿನ್ನು, ಬೆಂಕಿಪೊಟ್ಟಣಕ್ಕಿಂತ ಚಿಕ್ಕ ಸಿಲಿಂಡರು, ಗುಂಡಿಯಷ್ಟೇ ಅಗಲದ ಚಕ್ರ. ನೋಡುವುದಕ್ಕೆ ಮಾತ್ರ ಅಲ್ಲ, ನೀರು ಕಾಯಿಸಿ ಉಗಿ ಬಿಟ್ಟರೆ ಎಲ್ಲವೂ ಓಡುತ್ತಿದ್ದವು. ಮಲಗುವ ಕೋಣೆಯ ಕಿಟಕಿಯಡಿ ಸಣ್ಣ ಲೇತ್, ಗಾಜಿನ ಕಪಾಟಿನ ತುಂಬ ಎಂಜಿನ್ನುಗಳು, ಅಕ್ಕನ ಬಟ್ಟೆಬರೆ ಮಂಚದಡಿಯ ಟ್ರಂಕಿನಲ್ಲಿ. ಹಾಸಿಗೆ ಕೊಡವಿದರೆ ಹಿತ್ತಾಳೆಯ ಚೂರು ಉದುರುತ್ತಿತ್ತು.

“ಬೇರೆಯವ್ರಿಗೆ ಸವತಿ ಒಬ್ಳು. ನಂಗೆ ಕಪಾಟು ತುಂಬ,” ಎನ್ನುತ್ತಿದ್ದಳು ಅಕ್ಕ.

ನಕ್ಕುಕೊಂಡೇ ಹೇಳುತ್ತಿದ್ದಳು. ಅವಳಿಗೂ ಆ ಹುಚ್ಚು ಸ್ವಲ್ಪ ಅಂಟಿತ್ತು. ತಾಮ್ರ ಕಾಯುತ್ತಾ ಯಾವ ಕೆಂಪಿಗೆ ಬಂದಾಗ ಬೆಸುಗೆ ಹರಿಯುತ್ತದೆ ಎಂಬುದು ಅವಳಿಗೆ ಭಾವನಷ್ಟೇ ಚೆನ್ನಾಗಿ ತಿಳಿದಿತ್ತು.

ಊರಿನಲ್ಲಿ ಇಂಥ ಹುಚ್ಚರ ಒಂದು ಗುಂಪೇ ಇತ್ತು. ಭಾನುವಾರ ಒಂದು ಹಳೆಯ ಗೋದಾಮಿನಲ್ಲಿ ಸೇರುತ್ತಿದ್ದರು. ಒಬ್ಬರು ಮಾಡಿದ ಬಾಯ್ಲರನ್ನು ಇನ್ನೊಬ್ಬರು ತಿರುವಿಹಾಕಿ, ಕನ್ನಡಿ ಹಿಡಿದು, ಬೆಸುಗೆಯ ಪ್ರತಿಯೊಂದು ಗೆರೆಯನ್ನೂ ನೋಡುತ್ತಿದ್ದರು. ಅಲ್ಲಿ ನಾಚಿಕೆಗೇಡು ಎಂದರೆ ಒಂದೇ, ಬೆಸುಗೆ ಸೀಯಿಸುವುದು. ಬೆಂಕಿ ಹೆಚ್ಚಾಗಿ ಬೆಸುಗೆ ಕುದಿದು ಹೊಗೆಯೆದ್ದರೆ ಆ ಜಾಗದಲ್ಲಿ ಕಂದು ಕಲೆ ಉಳಿಯುತ್ತದೆ. ಹೊಸಬರು ಮಾಡುವ ತಪ್ಪು ಅದು. ಅಂಚೆ ಕಚೇರಿಯ ಗುಮಾಸ್ತರೊಬ್ಬರು ಒಮ್ಮೆ ಹಾಗೆ ಸೀಯಿಸಿಕೊಂಡು ಬಂದಾಗ ಭಾವ ಅದನ್ನು ಮೂಸಿ ನೋಡಿ, “ಇದೇನಪ್ಪ, ಪಾತ್ರೆ ತಳದ ಸೀಕಲು!” ಎಂದುಬಿಟ್ಟರು. ಗೋದಾಮೇ ನಕ್ಕಿತು. ಆ ಬಡಪಾಯಿ ಅವತ್ತಿನಿಂದ ಎಲ್ಲರ ಬಾಯಲ್ಲೂ ‘ಸೀಕಲು’ ಆದರು. ಅವರು ಬಾಯಿಬಿಟ್ಟಾಗಲೆಲ್ಲ ಯಾರಾದರೂ ಮೂಗು ಮುಚ್ಚಿಕೊಳ್ಳುತ್ತಿದ್ದರು.

ನಿವೃತ್ತಿಯಾದ ಮೇಲೆ ಭಾವ ದೊಡ್ಡದಕ್ಕೆ ಕೈ ಹಾಕಿದರು. ಒಬ್ಬರು ಮೇಲೆ ಕೂತು ಹೋಗಬಹುದಾದ ರೈಲು ಎಂಜಿನ್ನು. ಮೊದಲ ಸವಾರಿ ಅಕ್ಕನದೇ ಎಂದು ಮಾತು ಕೊಟ್ಟಿದ್ದರು. ಬಾಯ್ಲರು ನೀರಿನ ಕೊಡದಷ್ಟು ದಪ್ಪ. ಅಷ್ಟು ತಾಮ್ರ ಕಾಯಲು ಒಂದು ಗ್ಯಾಸ್ ಟಾರ್ಚ್ ಸಾಲದು, ಎರಡನೆಯದನ್ನು ಅಕ್ಕ ಹಿಡಿಯಬೇಕು. ಬೆಳ್ಳಿ ಬೆಸುಗೆಯ ಕಡ್ಡಿಗಳನ್ನು ಭಾವ ಯಾವುದೋ ಹಳೆಯ ಅಂಗಡಿಯಿಂದ ಹುಡುಕಿ ತಂದಿದ್ದರು. ಈಗಿನ ಕಡ್ಡಿ ಅವರಿಗೆ ಹಿಡಿಸುತ್ತಿರಲಿಲ್ಲ. “ಹಳೇದು ನೀರು ಹರಿದಂಗೆ ಹರಿಯುತ್ತೆ,” ಎನ್ನುತ್ತಿದ್ದರು.

ಕೆಲಸ ನಡೆದದ್ದು ಅಡುಗೆಮನೆಯಲ್ಲಿ. ಗಾಳಿ ಬೀಸಿದರೆ ತಾಮ್ರ ಆರುತ್ತದೆಂದು ಕಿಟಕಿ ಬಾಗಿಲು ಮುಚ್ಚಿದರು. ಬೆಳಕಿದ್ದರೆ ಕಾದ ತಾಮ್ರದ ಬಣ್ಣ ಕಾಣದೆಂದು ಪರದೆಯನ್ನೂ ಎಳೆದರು. ಪಳಗಿದವರೆಲ್ಲ ಹೀಗೇ ಮಾಡುತ್ತಾರಂತೆ. ತಳದ ಒಂದು ಮೂಲೆಯಲ್ಲಿ ಬೆಸುಗೆ ಹರಿಯಲೇ ಇಲ್ಲ. ಭಾವ ಹಠ ಹಿಡಿದು ಅಲ್ಲೇ ಬೆಂಕಿ ಕೊಟ್ಟರು. ಬಗ್ಗಿ ಕೆಳಗಿನಿಂದ ಟಾರ್ಚ್ ಹಿಡಿದಿದ್ದ ಅಕ್ಕ, “ಸಾಕು ರೀ, ಕೆಂಪು ಜಾಸ್ತಿಯಾಯ್ತು,” ಎಂದಳು. ಅಷ್ಟರಲ್ಲಿ ಹಳದಿ ಹೊಗೆ ಬುಸ್ ಎಂದು ಎದ್ದು ಅವಳ ಮುಖಕ್ಕೇ ಬಡಿಯಿತು. ಬೆಸುಗೆ ಹರಿಯಿತು. ಕೆಲಸ ಪೂರ್ತಿ ಮುಗಿಯುವವರೆಗೆ ಅವರು ಕಿಟಕಿ ತೆರೆಯಲಿಲ್ಲ. ಇದನ್ನೆಲ್ಲ ಭಾವನೇ ಆಮೇಲೆ ನನಗೆ ಹೇಳಿದ್ದು.

ಸಂಜೆಯ ಹೊತ್ತಿಗೆ ಇಬ್ಬರಿಗೂ ಕೆಮ್ಮು. ಭಾವನದು ಅಷ್ಟಕ್ಕೇ ನಿಂತಿತು. ಅಕ್ಕನಿಗೆ ಚಳಿಜ್ವರ, ಎದೆ ಹಿಡಿದುಕೊಂಡಂತೆ ನೋವು. ಪಕ್ಕದ ಬೀದಿಯಲ್ಲೇ ಇದ್ದ ನಾನು ಮರುದಿನ ಬೆಳಿಗ್ಗೆ ಬಂದು ನೋಡಿ, ಇಬ್ಬರನ್ನೂ ಬೈದು, ಆಸ್ಪತ್ರೆಗೆ ಹೊರಡಿಸಿದೆ. ಡಾಕ್ಟರಮ್ಮ ಎದೆಗೆ ಸ್ಟೆತಾಸ್ಕೋಪು ಇಟ್ಟು ನೋಡಿ ಕೇಳಿದರು:

“ಮನೇಲಿ ಏನಾದ್ರೂ ಹೊಗೆ ಕುಡಿದ್ರಾ? ಬಣ್ಣ, ಔಷಧಿ, ಏನಾದ್ರೂ ಸುಟ್ಟಿದ್ದು?”

“ಇಲ್ಲ ಡಾಕ್ಟ್ರೇ. ಸ್ವಲ್ಪ ಬೆಸುಗೆ ಕೆಲಸ ಮಾಡಿದ್ವಿ. ಅದರಲ್ಲಿ ಹೊಗೆ ಬರೋದಿಲ್ಲ. ಸರಿಯಾಗಿ ಮಾಡಿದ್ರೆ ಒಂದು ಚೂರೂ ಬರೋದಿಲ್ಲ,” ಎಂದರು ಭಾವ.

ಡಾಕ್ಟರಮ್ಮ ಅಕ್ಕನ ಕಡೆ ತಿರುಗಿದರು. “ನೀವು ಹೇಳಿ ಅಮ್ಮ. ಹೊಗೆ ಬಂತಾ?”

ಅಕ್ಕ ಭಾವನ ಮುಖ ನೋಡಿದಳು. ಆಮೇಲೆ ಇಲ್ಲ ಎಂದು ತಲೆಯಾಡಿಸಿದಳು. ನಾನು ಪಕ್ಕದಲ್ಲೇ ನಿಂತಿದ್ದೆ. ನನಗೆ ಏನೂ ಗೊತ್ತಿರಲಿಲ್ಲ. ಶೀತಜ್ವರ ಇರಬೇಕೆಂದು ಮಾತ್ರೆ ಬರೆದುಕೊಟ್ಟು ಕಳಿಸಿದರು.

ಎರಡೇ ದಿನದಲ್ಲಿ ಅವಳಿಗೆ ಮಲಗಿದರೆ ಉಸಿರು ಸಿಗದಂತಾಯಿತು. ದಿಂಬು ಒಟ್ಟಿ ಕೂರಿಸಿದರೂ ಮೀನಿನ ಹಾಗೆ ಬಾಯಿ ತೆರೆಯುತ್ತಿದ್ದಳು. ಮತ್ತೆ ಆಸ್ಪತ್ರೆಗೆ ಸೇರಿಸಿದೆವು. ನಾನು ಅವಳ ಬಟ್ಟೆ ತರಲು ಮನೆಗೆ ಹೋದಾಗ ಸೀಕಲು ಬಾಗಿಲಲ್ಲಿ ನಿಂತಿದ್ದರು. ಭಾನುವಾರ ಭಾವ ಬಾರದ್ದನ್ನು ಕಂಡು ವಿಚಾರಿಸಲು ಬಂದವರು. ಅಡುಗೆಮನೆಯಲ್ಲಿ ಬಾಯ್ಲರನ್ನು ಕಂಡದ್ದೇ, ಅಭ್ಯಾಸಬಲದಿಂದ, ತಿರುವಿಹಾಕಿದರು. ತಳದ ಕಂದು ಕಲೆ ನೋಡಿ ಅವರ ಮುಖ ಬಿಳಿಚಿಕೊಂಡಿತು. ಪಕ್ಕದಲ್ಲಿ ಬಿದ್ದಿದ್ದ ಕಡ್ಡಿಯನ್ನು ಎತ್ತಿ ನೋಡಿದರು.

“ಇದು ಹಳೇ ಕಡ್ಡಿ ಕಣಮ್ಮ. ಇದರಲ್ಲಿ ಕ್ಯಾಡ್ಮಿಯಂ ಬೆರೆಸಿರ್ತಾರೆ. ಸೀದ್ರೆ ಆ ಹೊಗೆ ವಿಷ. ನಾನು ಸೀಯಿಸಿದಾಗ ನಂಗೂ ಜ್ವರ ಬಂದಿತ್ತು. ಬಾಗಿಲು ತೆರೆದಿತ್ತು, ಬದುಕಿಕೊಂಡೆ. ಗೋದಾಮಲ್ಲಿ ಹೇಳೋಣ ಅಂತ ಬಾಯಿ ಬಿಟ್ಟೆ, ಎಲ್ರೂ ನಗ್ತಾ ಇದ್ರು.”

ಕಡ್ಡಿ ಹಿಡಿದುಕೊಂಡೇ ಇಬ್ಬರೂ ಓಡಿದೆವು. ಡಾಕ್ಟರಮ್ಮ ಅದನ್ನು ನೋಡಿ, ಸೀಕಲು ಹೇಳಿದ್ದನ್ನು ಪೂರ್ತಿ ಕೇಳಿ, ಭಾವನನ್ನು ನೋಡಿದರು. “ಮೊದಲನೇ ದಿನವೇ ಹೇಳಿದ್ರೆ ಕಳಿಸ್ತಾನೇ ಇರ್ಲಿಲ್ಲ. ಈಗ ಕೈ ಮೀರಿದೆ. ಆಗ ಉಳೀತಿದ್ರಾ ಅಂದ್ರೆ, ಹೇಳೋಕಾಗಲ್ಲ. ಉಳೀತಿದ್ರೂ ಉಳೀತಿದ್ರು.” ಆ ವಾರ ಮುಗಿಯುವ ಮೊದಲೇ ಅಕ್ಕ ಹೋದಳು.

ಬಾಯ್ಲರಿನಲ್ಲಿ ಒಂದು ಹನಿಯೂ ಸೋರಲಿಲ್ಲವಂತೆ. ತಿಂಗಳುಗಳಾದ ಮೇಲೆ ಭಾವ ಅದನ್ನು ಗೋದಾಮಿಗೆ ಒಯ್ದು, ತಳ ಮೇಲೆ ಮಾಡಿ ಮೇಜಿನ ಮೇಲಿಟ್ಟು, ಯಾರು ಬಂದರೂ ಆ ಕಲೆ ತೋರಿಸಿ ನಡೆದದ್ದನ್ನು ಹೇಳಿದರಂತೆ. ಯಾರೂ ಮೂಗು ಮುಚ್ಚಿಕೊಳ್ಳಲಿಲ್ಲ. ಇದನ್ನು ನನಗೆ ತಿಳಿಸಿದ ಸೀಕಲು ಅಳುತ್ತಿದ್ದರು. ನನಗೆ ಮಾತ್ರ ಮೈ ಉರಿಯಿತು. ಈಗ ಹೇಳಿ ಯಾರಿಗೆ ಬಂತು ಭಾಗ್ಯ?

ನೇರವಾಗಿ ಹೋಗಿ ಕೇಳಿಯೇಬಿಟ್ಟೆ. ಭಾವ ಅಡುಗೆಮನೆಯಲ್ಲಿ, ಕಿಟಕಿ ಬಾಗಿಲೆಲ್ಲ ತೆರೆದಿಟ್ಟುಕೊಂಡು ಒಬ್ಬರೇ ಕೂತಿದ್ದರು.

“ಡಾಕ್ಟ್ರ ಹತ್ರ ಯಾಕೆ ಸುಳ್ಳು ಹೇಳಿದ್ರಿ ಭಾವ?”

“ನಾಚಿಕೆಯಾಯ್ತಮ್ಮ. ಇಷ್ಟು ವರ್ಷ ಮಾಡಿ ಸೀಯಿಸಿದೆ ಅನ್ನೋಕೆ.”

“ಆ ಡಾಕ್ಟರಮ್ಮನಿಗೆ ಬೆಸುಗೆ ಅಂದ್ರೆ ಏನು ಗೊತ್ತು? ಸೀಯೋದು ಅವಮಾನ ಅಂತ ಅವರಿಗೇನು ಗೊತ್ತಿತ್ತು?”



“ಅವರಿಗೆ ಗೊತ್ತಿರ್ಲಿಲ್ಲ,” ಎಂದರು ಭಾವ. “ನಿಮ್ಮಕ್ಕಂಗೆ ಗೊತ್ತಿತ್ತು. ಅದಕ್ಕೇ ಇಲ್ಲ ಅಂತ ತಲೆಯಾಡಿಸಿದ್ಲು.”