ಫ್ಯಾನಿನ ಕೆಳಗಿನ ಕುರ್ಚಿ

ಮೊನ್ನೆ ಉರ್ವ ಮಾರ್ಕೆಟಿನ ಬಳಿ ಮಗಳ ಜೊತೆ ಹೋಟೆಲಿಗೆ ಹೋಗಿದ್ದೆ. ಮೇಜು ಒರೆಸಿದ ಒದ್ದೆ ಬಟ್ಟೆಯ ಹುಳಿ ವಾಸನೆ ಮೂಗಿಗೆ ಬಡಿದದ್ದೇ ತಡ, ಅಣ್ಣ ನೆನಪಾದ. ಒಡಹುಟ್ಟಿದ ಅಣ್ಣನಲ್ಲ. ಅರವತ್ತರ ದಶಕದ ಆರಂಭದಲ್ಲಿ, ನಾನು ಹೊಸ ಟೀಚರಾಗಿದ್ದಾಗ, ಬಸ್ ಸ್ಟ್ಯಾಂಡ್ ಹತ್ತಿರದ ಹೋಟೆಲೊಂದರಲ್ಲಿ ಸಪ್ಲಾಯರ್ ಆಗಿದ್ದವ...

ಮನೆಯಲ್ಲಿ ಆರು ಜನರಿಗೆ ದೋಸೆ ಹೊಯ್ದು, ಕೊನೆಗೆ ಉಳಿದ ತಣ್ಣಗಿನದ್ದನ್ನು ನಾನು ತಿನ್ನುತ್ತಿದ್ದೆ. ಇನ್ನೊಬ್ಬರು ಹೊಯ್ದ ಬಿಸಿ ದೋಸೆಯನ್ನು ಒಬ್ಬಳೇ ಕೂತು ತಿನ್ನಬೇಕೆಂದು ನನಗೆ ಆಸೆ. ನಗಬೇಡಿ, ಆ ಕಾಲಕ್ಕೆ ಅದು ದೊಡ್ಡ ಆಸೆಯೇ. ಹೆಂಗಸೊಬ್ಬಳು ಒಂಟಿಯಾಗಿ ಹೋಟೆಲು ಹೊಕ್ಕರೆ ಹತ್ತು ತಲೆ ತಿರುಗುತ್ತಿದ್ದವು. ಒಂದು ಶನಿವಾರ ಅರ್ಧ ದಿನದ ಶಾಲೆ ಮುಗಿಸಿ, ಕಾಪಿ ಪುಸ್ತಕಗಳ ಕಟ್ಟು ಹಿಡಿದು ಬಾಗಿಲಲ್ಲೇ ನಿಂತವಳನ್ನು ಅವನು ಕರೆದ.

"ಬನ್ನಿ ಟೀಚರೇ, ಫ್ಯಾಮಿಲಿ ರೂಮ್ ಉಂಟು. ಪರದೆ ಎಳೆದರೆ ಯಾರಿಗೂ ಕಾಣುವುದಿಲ್ಲ."

ಅಂದಿನಿಂದ ಅವನು ತೋರಿಸಿದ ಫ್ಯಾನಿನ ಕೆಳಗಿನ ಕುರ್ಚಿ ನನ್ನದು. ತಲೆ ನರೆತವ, ಮಾತಿನಲ್ಲಿ ಮರ್ಯಾದೆ ಇದ್ದವ. ನಾನು ಅಣ್ಣ ಎಂದೇ ಕರೆಯುತ್ತಿದ್ದೆ. ಒಂದು ವರ್ಷ, ಪ್ರತಿ ಶನಿವಾರ, ಆ ಅರ್ಧ ಗಂಟೆ ನಾನು ರಾಣಿ.

ಶಾಲೆಗೆ ಪಡೀಲಿನಿಂದ ಒಬ್ಬಳು ಹೊಸ ಟೀಚರ್ ಬಂದಳು. "ಹೆದರಬೇಡ ಮಾರಾಯ್ತಿ, ಅಲ್ಲಿ ಅಣ್ಣ ಇದ್ದಾನೆ" ಎಂದು ಅವಳನ್ನೂ ಕರೆದುಕೊಂಡು ಹೋಗಿ, ನನ್ನ ಕುರ್ಚಿಯನ್ನೇ ಬಿಟ್ಟುಕೊಟ್ಟೆ.

ತಿಂದು ಕೈ ತೊಳೆಯಲು ಹೊರಗೆ ಬಂದೆ. ಅಡುಗೆಮನೆ ಬಾಗಿಲಲ್ಲಿ ನಾಲ್ಕೈದು ಜನ ಗುಂಪುಗೂಡಿ ಎದುರುಗೋಡೆಯ ಓರೆ ಕನ್ನಡಿ ನೋಡುತ್ತಿದ್ದರು. ನಾನೂ ನೋಡಿದೆ. ಪರದೆ ಗೋಡೆಯವರೆಗೆ ಮುಟ್ಟುತ್ತಿರಲಿಲ್ಲ. ಆ ಸಂದಿಯಿಂದ ಕನ್ನಡಿಯಲ್ಲಿ ಕಾಣುತ್ತಿದ್ದುದು ಸರಿಯಾಗಿ ಆ ಒಂದು ಕುರ್ಚಿ... ಅವಳು ಸೆರಗು ಸಡಿಲಿಸಿ ಕತ್ತಿನ ಬೆವರು ಒರೆಸಿಕೊಳ್ಳುತ್ತಿದ್ದಳು.

"ಇದು ಹೊಸದು" ಎನ್ನುತ್ತಿದ್ದ ಅಣ್ಣ. "ಹಳೆಯದು ಫ್ಯಾನ್ ಇದ್ದರೂ ಸೆರಗಿನಲ್ಲಿ ಗಾಳಿ ಹಾಕಿಕೊಳ್ತದೆ."

ನನ್ನನ್ನು ಕಂಡು ಉಳಿದವರು ಚದುರಿದರು. ಅವನು ಕದಲಲಿಲ್ಲ.

"ಎಂತ ಟೀಚರೇ, ನೋಡಿದರೆ ಸವೆದು ಹೋಗ್ತದಾ?"

ಚಟ್ನಿ ಬೇಕಾ ಎಂದು ಕೇಳುವ ಅದೇ ದನಿ. ಬೇಲಿಯೇ ಎದ್ದು ಹೊಲ ಮೇಯಿತು ಅಂತಾರಲ್ಲ, ಹಾಗಾಯಿತು. ತರಗತಿಯಲ್ಲಿ ಗುಡುಗುವವಳು ತಲೆ ತಗ್ಗಿಸಿ ಪರದೆಯೊಳಗೆ ಮರಳಿದೆ.

ಅವಳಿಗೆ ಕನ್ನಡಿಯ ವಿಷಯ ಹೇಳಲಿಲ್ಲ. ನಾಚಿಕೆ. "ಇಲ್ಲಿಯ ದೋಸೆ ಮೊದಲಿನ ಹಾಗಿಲ್ಲ, ಇನ್ನು ಬರುವುದು ಬೇಡ" ಎಂದಷ್ಟೇ ಅಂದೆ.

"ನನಗೆ ರುಚಿಯಾಯಿತು ಅಕ್ಕ. ನಿಮ್ಮ ಅಣ್ಣನೂ ಒಳ್ಳೆಯವರು" ಎಂದು ನಕ್ಕಳು.

ನಾನು ಮತ್ತೆ ಹೋಗಲಿಲ್ಲ. ಅವಳು ವರ್ಗವಾಗುವವರೆಗೂ ಶನಿವಾರ ತಪ್ಪಿಸಲಿಲ್ಲ. ಕೊಡೆ ಬೀಸುತ್ತಾ ಹೋಗುವವಳನ್ನು ಶಾಲೆಯ ಜಗಲಿಯಿಂದ ನೋಡುತ್ತಿದ್ದೆ. ಎಷ್ಟೋ ಸಲ ಕೂಗಿ ನಿಲ್ಲಿಸೋಣ ಎನಿಸಿದ್ದುಂಟು...

ಆ ಹೋಟೆಲು ಈಗಿಲ್ಲ. ಅವನೂ ಇರಲಾರ. ಅವಳು ಹೋದ ವರ್ಷ ತೀರಿಕೊಂಡಳು.

"ಫ್ಯಾನಿನ ಕೆಳಗೆ ಕೂತುಕೊಳ್ಳಿ ಅಮ್ಮ" ಎಂದಳು ಮೊನ್ನೆ ಮಗಳು. ಬೇಡ ಎಂದೆ. ನನ್ನನ್ನು ಅಲ್ಲಿ ಕೂರಿಸಿದವನು ಅವನು. ಅವಳನ್ನು ಕೂರಿಸಿದ್ದು ನಾನು.