ಮಂಜುಗಡ್ಡೆಯ ಕಾವು

ಬೆಳಗಿನ ಐದೂವರೆ. ನೋನ್ ಕಣಿವೆಯ ಸೇಬಿನ ಮರಗಳೆಲ್ಲ ಹೂ ಬಿಟ್ಟು ನಿಂತಿವೆ. ಗಾಳಿ ಮಾತ್ರ ಸೊನ್ನೆಗಿಂತ ನಾಲ್ಕು ಡಿಗ್ರಿ ಕೆಳಗಿದೆ. ಫೌಸ್ತಾ ಪಾಂಕೇರಿ ಪಂಪ್‌ಮನೆಯ ಬಾಗಿಲಲ್ಲಿ ನಿಂತು ತುಂತುರು ಕೊಳವೆಗಳ ಟಿಕ್ ಟಿಕ್ ಸದ್ದಿಗೆ ಕಿವಿಗೊಟ್ಟಿದ್ದಾರೆ. ಒಂದು ಸದ್ದು ತಪ್ಪಿದರೂ ಓಡುತ್ತಾರೆ, ಬಾಯಿ ಕಟ್ಟಿದ ಕೊಳವೆಯನ್ನು ಮರದ ಸುತ್ತಿಗೆಯಿಂದ ತಟ್ಟಿ ಬಿಡಿಸುತ್ತಾರೆ. ಹೂವಿನ ಮೇಲೆ ಬಿದ್ದ ನೀರು ಅಲ್ಲೇ ಹೆಪ್ಪುಗಟ್ಟುತ್ತಿದೆ. ಕೊರೆಯುವ ಚಳಿಯಲ್ಲಿ ಹೂವಿಗೆ ನೀರು ಹೊಯ್ಯುವುದು ಹುಚ್ಚಾಟವೆಂದು, ಮೂವತ್ತು ವರ್ಷದ ಹಿಂದೆ ಈ ಊರಿಗೆ ಸೊಸೆಯಾಗಿ ಬಂದಾಗ ನನಗೂ ಅನ್ನಿಸಿತ್ತು.

“ನೀರಿನ ಕಣಗಳು ಒಂದರ ಕೈ ಒಂದು ಹಿಡ್ಕೊಂಡ್ರೇನೇ ಗಡ್ಡೆ ಆಗೋದು. ಹಿಡ್ಕೊಳ್ಳುವಾಗ ಕಾವು ಬಿಡ್ತವೆ, ಆ ಕಾವಲ್ಲಿ ಹೂ ಬದುಕುತ್ತೆ. ಕೈ ಬಿಡಿಸ್ಕೊಳ್ಳುವಾಗ ಅದೇ ಕಾವನ್ನ ವಾಪಸ್ ಕೇಳ್ತವೆ,” ಎನ್ನುತ್ತಾರೆ ಫೌಸ್ತಾ, ಅವರ ಬಗ್ಗೆ ಬರೆಯಲೆಂದು ಪುಸ್ತಕ ಹಿಡಿದು ಬಂದ ನನಗೆ. ಸೊನ್ನೆಯವರೆಗೆ ಹೂ ತಡೆದುಕೊಳ್ಳುತ್ತದೆ, ಇನ್ನೆರಡು ಡಿಗ್ರಿ ಇಳಿದರೆ ಮುಗಿಯಿತು. ಹಾಗಾಗಿ ಗಡ್ಡೆ ತಾನಾಗಿ ಕರಗಿ ಜಾರುವವರೆಗೂ ಹೊಸ ನೀರು ಬೀಳುತ್ತಲೇ ಇರಬೇಕು.

ಇದನ್ನು ಅವರು ಪೆಟ್ಟು ತಿಂದು ಕಲಿತದ್ದು. ಇಪ್ಪತ್ತೆರಡು ವರ್ಷದ ಹಿಂದೆ, ಈ ಕಾವಲಿನ ಕೆಲಸಕ್ಕೆ ಸೇರಿದ ಮೊದಲ ವಸಂತದಲ್ಲಿ, ಸೂರ್ಯ ಕಂಡನೆಂದು ನೀರು ನಿಲ್ಲಿಸಿಬಿಟ್ಟರು. ಒಣಗಾಳಿಗೆ ಗಡ್ಡೆ ಆವಿಯಾಗುತ್ತ ಹೂವಿನ ಕಾವನ್ನೇ ಹೀರಿತು. ಮೂರು ಮನೆಯವರ ತೋಟ ಮಧ್ಯಾಹ್ನದೊಳಗೆ ಕಪ್ಪಾಯಿತು. ಯಾರೂ ಬೈಯಲಿಲ್ಲ. “ಬೈದಿದ್ರೆ ಎಷ್ಟೋ ಚೆನ್ನಾಗಿತ್ತು,” ಎನ್ನುತ್ತಾರೆ. ಅಂದಿನಿಂದ ಒಂಬತ್ತು ಮನೆಗಳ ಒಂಬತ್ತು ಸಾಲು, ಮುನ್ನೂರ ಮೂವತ್ತು ತುಂತುರು ಬಾಯಿಗಳು ಅವರ ಪಾಲಿನ ಕಾವಲು. ಎಡಗೈಯ ಎರಡು ಬೆರಳಿಗೆ ಈಗ ಸ್ಪರ್ಶವೇ ಇಲ್ಲ.

ಇಂದಿಗೆ ಸತತ ಮೂರನೆಯ ದಿನದ ಹಿಮ. ಪಂಪ್‌ಗೆ ನೀರೊದಗಿಸುವ ಕೊಳದ ತಳ ಕಾಣುತ್ತಿದೆ. ಆರೂವರೆಗೆ ಗುಡ್ಡದ ನೆತ್ತಿಗೆ ಬಿಸಿಲು ಬಿದ್ದದ್ದೇ ತಡ, ಬೆಳೆಗಾರರ ಸಂಘದ ಹಿರಿಯ ರೆಮೊ ಕಾಫಿಯ ಫ್ಲಾಸ್ಕ್ ಹಿಡಿದು ಬರುತ್ತಾರೆ.

“ಸೂರ್ಯ ಬಂದಾಯ್ತು ಕಣೇ ಫೌಸ್ತಾ, ನಿಲ್ಲಿಸು. ಉಳಿದಿದ್ದು ನಾಳೆಗಿರಲಿ.”

“ಹೂ ಇದ್ರೆ ತಾನೇ ಮಾವ, ನಾಳೆ ನೀರು ಬೇಕಾಗೋದು?”

ರೆಮೊ ಕಾಫಿಗೆ ಬೆರೆಸುತ್ತಿದ್ದ ಗ್ರಾಪ್ಪಾ ಸಾರಾಯಿಯ ಒಂದು ಹನಿಯನ್ನು ಫೌಸ್ತಾ ತೆಗೆದು ರೆಮೊ ಅವರ ಅಂಗೈಗೇ ತಟ್ಟುತ್ತಾರೆ. ಅಂಗೈ ತಣ್ಣಗಾಗುತ್ತದೆ. ಇದರ ಕಣಗಳ ಹಿಡಿತ ಸಡಿಲ, ಅದಕ್ಕೇ ಅಂಗೈಯಿಂದಲೂ ಬೇಗ ಹಾರುತ್ತದೆ, ನಿಮ್ಮ ಸೀಸೆಯಿಂದಲೂ. ನೀರು ಅಷ್ಟು ಸುಲಭಕ್ಕೆ ಬಿಡುವುದಿಲ್ಲ, ಬಿಡುವಾಗ ಇದಕ್ಕಿಂತ ಜಾಸ್ತಿ ಕಾವು ಕಸಿಯುತ್ತದೆ ಎಂದು ಛೇಡಿಸುತ್ತಾರೆ. ರೆಮೊ ನಗುವುದಿಲ್ಲ. ಅವರ ತೋಟ ಎರಡನೆಯ ಸಾಲಿನಲ್ಲಿದೆ.

ಏಳು ಗಂಟೆ. ತಾಪಮಾಪಕ ಇನ್ನೂ ಮೈನಸ್ ಎರಡರಲ್ಲೇ ನಿಂತಿದೆ. ಕೊಳದಲ್ಲಿ ಎರಡು ಗೇಣು ನೀರು, ಪಂಪ್ ಏದುಸಿರು ಬಿಡುತ್ತಿದೆ, ಟಿಕ್ ಟಿಕ್ ನಿಧಾನವಾಗುತ್ತಿದೆ. ಎಲ್ಲರಿಗೂ ಕಮ್ಮಿ ಮಾಡೋಣವೆಂದರೆ ಅರೆಬರೆ ನೀರು ಇಲ್ಲದ್ದಕ್ಕಿಂತ ಕೇಡು. ಒಂದು ಸಾಲು ಮುಚ್ಚಿದರೆ ಎಂಟು ಉಳಿಯಬಹುದು. ಯಾವುದೆಂದು ಕೇಳುವ ಧೈರ್ಯ ರೆಮೊಗೂ ಇಲ್ಲ, ನನಗೂ ಇಲ್ಲ. ಫೌಸ್ತಾ ಒಂದೊಂದೇ ಸಾಲಿನ ನೀರಿನ ಕವಾಟ ದಾಟಿ, ಏಳನೆಯದರ ಮುಂದೆ ಕೂತು, ಎರಡೂ ಕೈಯಿಂದ ತಿರುಗಿಸಿ ಮುಚ್ಚುತ್ತಾರೆ. ಟಿಕ್ ಟಿಕ್ ಮತ್ತೆ ಚುರುಕಾಗುತ್ತದೆ.

ಎಂಟಕ್ಕೆ ಹತ್ತು ನಿಮಿಷವಿರುವಾಗ ಗಡ್ಡೆಯ ಒಳಗೆ ನೀರು ಹರಿದಾಡತೊಡಗುತ್ತದೆ, ಚೂರುಗಳು ಕಳಚಿ ಬೀಳುತ್ತವೆ. ಆಗಲೇ ಫೌಸ್ತಾ ಪಂಪ್ ನಿಲ್ಲಿಸುವುದು. ರೆಮೊ ಒಂದು ಹೂವನ್ನು ಉಗುರಿನಿಂದ ಸೀಳಿ ನೋಡುತ್ತಾರೆ. ಒಳಗೆ ಹಸಿರು. ಅವರ ಕಣ್ಣು ತುಂಬುತ್ತದೆ.

ಮಧ್ಯಾಹ್ನ ಫೌಸ್ತಾ ಏಳನೆಯ ಸಾಲಿಗೆ ಹೋಗುತ್ತಾರೆ, ನಾನೂ ಜೊತೆಗಿದ್ದೇನೆ. ಅದು ಅವರದೇ ತೋಟ. ಸೀಳಿದ ಹೂವಿನೊಳಗೆಲ್ಲ ಕಪ್ಪು.

ಏನಾದರೂ ಆಸೆ ಇದೆಯೇ ಎಂದು ಕೇಳುತ್ತೇನೆ. ಕೊಳ ಇನ್ನೊಂದು ಆಳು ಆಳವಿದ್ದರೆ ಸಾಕು ಎನ್ನುತ್ತಾರೆ. ಆಮೇಲೆ ಉಗುರನ್ನು ಲಂಗಕ್ಕೆ ಒರೆಸಿಕೊಳ್ಳುತ್ತ ಹೇಳುತ್ತಾರೆ, “ಅವತ್ತು ತಿಳೀದೆ ಮಂದಿಯ ನೀರು ನಿಲ್ಲಿಸಿದ್ದೆ. ಇವತ್ತು ತಿಳಿದೇ ನಂದು ನಿಲ್ಲಿಸ್ದೆ. ಇದನ್ನ ಬೇಕಾದ್ರೆ ಬರ್ಕೊಳ್ಳಿ.”