ಕುಲಾವಿ ಚಿಕ್ಕಮ್ಮನ ಚೀಲ

ನಮ್ಮ ಚಿಕ್ಕಮ್ಮನಿಗೆ ಬೀದಿಯವರು ಇಟ್ಟಿದ್ದ ಹೆಸರು ಕುಲಾವಿ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರು ಅಂತ ಲೋಕವೆಲ್ಲ ಗಾದೆ ಹೇಳಿ ನಗುತ್ತದೆ. ಈಕೆ ನಿಜವಾಗಿಯೂ ಹಾಗೆ ಹೊಲಿಯುತ್ತಿದ್ದಳು. ಬೀದಿಯಲ್ಲಿ ಯಾರಿಗಾದರೂ ಎಂಟು ತಿಂಗಳು ತುಂಬಿತೆಂದರೆ ಸಾಕು, ಒಂದು ಸಂಜೆ ನೀಲಿ ಕ್ಯಾನ್ವಾಸಿನ ಚೀಲವೊಂದನ್ನು ಬಗಲಿಗೆ ಹಾಕಿಕೊಂಡು ಆ ಮನೆಯ ಹೊಸ್ತಿಲಲ್ಲಿ ನಿಂತಿರುತ್ತಿದ್ದಳು.

"ಬಾಗಿಲ ಹಿಂದೆ ಮೊಳೆಗೆ ನೇತುಹಾಕು. ಬೀರು ಒಳಗೆ ಇಟ್ಟರೆ ಇದ್ದೂ ಇಲ್ಲದ ಹಾಗೆ" ಎನ್ನುವಳು. ಕೂರು ಎಂದರೆ ಕೂರುತ್ತಿರಲಿಲ್ಲ.

ಅವಳ ಕೆಲಸ ಹೆರಿಗೆ ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯಲ್ಲಿ. ಮೂವತ್ತೊಂದು ವರ್ಷ ಅಲ್ಲೇ ಕಳೆದಳು. ಚಿಕ್ಕವಳಿದ್ದಾಗ ಶಾಲೆ ಬಿಟ್ಟವಳೇ ನಾನು ಆ ಕೋಣೆಗೆ ಓಡುತ್ತಿದ್ದೆ. ಬಿಸಿನೀರಿನ ಹಬೆ, ಸಾಬೂನಿನ ವಾಸನೆ, ಹಗ್ಗದ ತುಂಬಾ ಅಂಗೈಯಷ್ಟಗಲದ ಅಂಗಿಗಳು. ಚಿಕ್ಕಮ್ಮನ ಬೆರಳುಗಳು ಸದಾ ನೆನೆದು ಬಿಳಿಚಿಕೊಂಡು ನೆರಿಗೆಗಟ್ಟಿರುತ್ತಿದ್ದವು. ಹುಟ್ಟಿದ ಕೂಸಿಗೆ ದಿನಕ್ಕೆ ಎಷ್ಟು ಬಟ್ಟೆ ಬೇಕು ಎಂದು ಡಾಕ್ಟರಿಗಿಂತ ತನಗೇ ಚೆನ್ನಾಗಿ ಗೊತ್ತು ಎನ್ನುತ್ತಿದ್ದಳು. ಅದು ಸುಳ್ಳೂ ಆಗಿರಲಿಲ್ಲ.

ಚೀಲದ ಹುಚ್ಚು ಹಿಡಿದದ್ದು ಮಾತ್ರ ಆಸ್ಪತ್ರೆಯಿಂದಲ್ಲ, ಹೊಳೆಯಿಂದ. ಅವಳಿಗಾಗ ಇಪ್ಪತ್ತಮೂರು. ಮಗಳು ಹುಟ್ಟಿ ಆರನೆಯ ದಿನ ಬೆಳಿಗ್ಗೆ ಹೊಳೆಯ ಒಡ್ಡು ಒಡೆಯಿತು. ಮೊಣಕಾಲಿನ ತನಕ ನೀರು ಬರುವಷ್ಟರಲ್ಲಿ ಚಿಕ್ಕಪ್ಪ ಒಂದು ಕೈಯಲ್ಲಿ ಕೂಸನ್ನು ಅವುಚಿಕೊಂಡಿದ್ದ ಅವಳನ್ನು ಹಿಡಿದು, ಇನ್ನೊಂದು ಕೈಗೆ ಸಿಕ್ಕಿದ್ದನ್ನು ಎತ್ತಿಕೊಂಡು ಓಡಿದ. ಶಾಲೆಯ ಮಹಡಿ ಮುಟ್ಟಿ ನೋಡಿದರೆ ಅವನ ಕಂಕುಳಲ್ಲಿ ಗೋಡೆ ಗಡಿಯಾರ! ಎರಡು ದಿನ ಅಲ್ಲೇ ಇದ್ದರು.

"ಮಗು ಎಷ್ಟೊತ್ತಿಗೆ ಒದ್ದೆ ಆಯ್ತು ಅಂತ ನಿಮಿಷ ಸಮೇತ ಗೊತ್ತಾಗೋದು. ಒರೆಸೋಕೆ ಒಂದು ಒಣ ಬಟ್ಟೆ ಇರಲಿಲ್ಲ" ಎಂದು ಚಿಕ್ಕಮ್ಮ ನಗುತ್ತಲೇ ಹೇಳುತ್ತಿದ್ದಳು. ಮುಂದಿನದನ್ನು ಹೇಳುವಾಗ ನಗು ನಿಲ್ಲುತ್ತಿತ್ತು. ಎರಡನೆಯ ಬೆಳಿಗ್ಗೆ ಮಗುವಿನ ತುಟಿ ನೀಲಿಗಟ್ಟಿತು, ಅಳುವುದನ್ನೂ ಬಿಟ್ಟಿತು. ಗುರುತು ಪರಿಚಯ ಇಲ್ಲದ ಬಸ್ ಕಂಡಕ್ಟರ್ ಹೆಂಗಸೊಬ್ಬಳು ತನ್ನ ಉಣ್ಣೆಯ ಕೋಟು ಬಿಚ್ಚಿ, ಕೂಸಿನ ಒದ್ದೆ ಬಟ್ಟೆ ಕಿತ್ತೆಸೆದು, ತಾಯಿಯ ಎದೆಗೆ ಅವುಚಿ, ಇಬ್ಬರಿಗೂ ಸೇರಿಸಿ ಆ ಕೋಟು ಸುತ್ತಿದಳು. ಗಂಟೆ ಕಳೆದ ಮೇಲೆ ಮಗು ಅತ್ತಿತು. ಆ ಮಗುವೇ ನಮ್ಮಕ್ಕ, ಈಗ ಅಜ್ಜಿ.

ನನ್ನ ಸರದಿ ಬಂದಾಗ ಚಿಕ್ಕಮ್ಮನಿಗೆ ಐವತ್ತು ದಾಟಿತ್ತು. ಅವಳು ತಂದ ಚೀಲವನ್ನು ಮಂಚದ ಮೇಲೆ ಸುರಿದು ನಾನೂ ನನ್ನ ಗಂಡನೂ ನಕ್ಕಿದ್ದೇ ನಕ್ಕಿದ್ದು. ನಾಲ್ಕು ಮಡಿಕೆಯ ಬಟ್ಟೆ ಎರಡು ಡಜನ್, ಎರಡು ಕುಲಾವಿ, ಉಣ್ಣೆಯ ಹೊದಿಕೆ, ಬಾಣಂತಿಗೆಂದೇ ಬೇರೆ ಕಟ್ಟಿದ ಹತ್ತಿಯ ಗಂಟು, ಬಿಸ್ಕತ್ತು, ಟಾರ್ಚು, ಕುಡಿಯುವ ನೀರು. ಆಸ್ಪತ್ರೆಯ ಚೀಟಿ ಇಡಲು ಪ್ಲಾಸ್ಟಿಕ್ ಲಕೋಟೆ. ತಳದಲ್ಲಿ ಹಾಲಿನ ಪುಡಿಯ ಡಬ್ಬಿ, ಬಟ್ಟಲು, ಚಮಚ.

"ಇದೆಲ್ಲಾ ಹೊತ್ಕೊಂಡು ಎಲ್ಲಿಗೆ ದಂಡಯಾತ್ರೆ?" ಎಂದ ನನ್ನ ಗಂಡ.

"ಎದೆಹಾಲು ಕುಡಿಸೋಳಿಗೆ ಪುಡಿ ಯಾಕೆ ಚಿಕ್ಕಮ್ಮಾ?" ಎಂದೆ ನಾನು.

"ನಿಂಗೆ ಬೇಡ ಅಂದ್ರೆ ಪಕ್ಕದಲ್ಲಿ ಕೂತೋರಿಗೆ ಬೇಕಾಗುತ್ತೆ, ಇರ್ಲಿ ಬಿಡು" ಎಂದವಳು ಎಲ್ಲವನ್ನೂ ತಿರುಗಿ ಜೋಡಿಸಿಟ್ಟು ಹೋದಳು. ಆಮೇಲೆ ಪ್ರತಿ ತಿಂಗಳ ಮೊದಲ ಭಾನುವಾರ ಕಿಟಕಿಯಿಂದಲೇ ಕೂಗು: "ನೀರು ಬದಲಾಯಿಸಿದ್ಯೇನೇ? ಡಬ್ಬಿ ತಾರೀಖು ನೋಡಿದ್ಯಾ?"

ಮಗನಿಗೆ ಹನ್ನೊಂದು ದಿನ. ಬೆಳಿಗ್ಗೆ ಹತ್ತು ಗಂಟೆಗೆ ಹಿಂದಿನ ಬೀದಿಯ ಬಣ್ಣದ ಗೋದಾಮಿಗೆ ಬೆಂಕಿ ಬಿತ್ತು. ಹೊಗೆ ಕಣ್ಣಿಗೆ ಚುಚ್ಚುತ್ತಿತ್ತು. ಧ್ವನಿವರ್ಧಕದ ಜೀಪು ಬಂದು, ಐದು ನಿಮಿಷದಲ್ಲಿ ಎಲ್ಲರೂ ಹೊರಡಿ ಎಂದಿತು. ನನ್ನ ಗಂಡ ಬೀಗ ಹುಡುಕುತ್ತಾ ಮನೆಯೆಲ್ಲಾ ಸುತ್ತುತ್ತಿದ್ದ, ಬೀಗ ಅವನ ಕೈಯಲ್ಲೇ ಇತ್ತು. ನಾನು ಮಗುವನ್ನು ಎತ್ತಿಕೊಂಡೆ, ಬಾಗಿಲ ಹಿಂದಿನ ಚೀಲ ಎಳೆದುಕೊಂಡೆ, ಅಷ್ಟೇ.

ಆಟದ ಮೈದಾನದ ಪಕ್ಕದ ದೊಡ್ಡ ಸಭಾಂಗಣದಲ್ಲಿ ನಮ್ಮನ್ನು ಇಳಿಸಿದರು. ನನ್ನ ಮಗ್ಗುಲಿಗೆ ಒಬ್ಬ ಮುದುಕ, ಗಡಿಯಾರ ರಿಪೇರಿಯವನು, ನಾಲ್ಕು ದಿನದ ಮೊಮ್ಮಗಳನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದ. ಮಗಳು ಜ್ವರ ಏರಿ ಹಿಂದಿನ ದಿನವೇ ಆಸ್ಪತ್ರೆ ಸೇರಿದ್ದಳಂತೆ. ಹಾಲಿನ ಡಬ್ಬಿ ಅಡುಗೆಮನೆಯಲ್ಲೇ ಉಳಿದುಹೋಗಿತ್ತು. ಮಗು ಅತ್ತು ಅತ್ತು ಬಾಯಿ ಒಣಗಿಸಿಕೊಂಡಿತ್ತು.

"ತಂಗೀ, ಸೂಕ್ಷ್ಮ ಕೆಲಸ ನಲವತ್ತು ವರ್ಷ ಮಾಡಿದ ಕೈ ಇದು. ಈಗ ನೋಡು, ಒಂದು ಕೂಸನ್ನ ಸಮಾಧಾನ ಮಾಡೋಕೆ ಬರ್ತಿಲ್ಲ" ಎಂದ.

ನಾನು ಚೀಲದ ತಳಕ್ಕೆ ಕೈಹಾಕಿದೆ. ಅಲ್ಲಿನ ಅಡುಗೆಯವರು ನೀರು ಕುದಿಸಿಕೊಟ್ಟರು. ಬಟ್ಟಲು, ಚಮಚ ತೊಳೆದು, ಡಬ್ಬಿಯ ಮೇಲೆ ಬರೆದಿದ್ದಂತೆ ಕಲಸಿ, ಆರಿಸಿ, ಹನಿಹನಿಯಾಗಿ ಕುಡಿಸಿದೆ. ಕೂಸು ಚಮಚವನ್ನೇ ಕಚ್ಚಿ ಹಿಡಿಯಿತು. ಮುದುಕ ಮುಖ ಆಚೆ ತಿರುಗಿಸಿಕೊಂಡು ಕೂತ. ಎರಡು ದಿನ ಆ ಡಬ್ಬಿಯಿಂದಲೇ ಅವಳ ಹೊಟ್ಟೆ ತುಂಬಿತು. ನನ್ನ ಎರಡು ಡಜನ್ ಬಟ್ಟೆ ಎರಡು ಮಕ್ಕಳಿಗೆ ಸರಿಹೋಯಿತು.

ಬೆಂಕಿ ಆರಿತು, ಮನೆಗೆ ಮರಳಿದೆವು. ಬೆಂಕಿ ಬಿದ್ದಾಗ ಕೆಲಸದಲ್ಲಿದ್ದು, ಆ ಎರಡು ದಿನವೂ ಆಸ್ಪತ್ರೆಯಲ್ಲೇ ಉಳಿದಿದ್ದ ಚಿಕ್ಕಮ್ಮನಿಗೆ ನಡೆದದ್ದೆಲ್ಲ ಹೇಳಿದೆ. ನೋಡಿದೆಯಾ, ನಾನು ಹೇಳಿರಲಿಲ್ಲವೇ ಎಂದು ಹಂಗಿಸುತ್ತಾಳೆ ಅಂದುಕೊಂಡಿದ್ದೆ. ಅವಳು ಕೇಳಿದ್ದು ಒಂದೇ: "ಬಾಣಂತಿ ಗಂಟು ಸಾಕಾಯ್ತಾ? ಅದು ಸಣ್ಣದಾಯ್ತೇನೋ ಅಂತ ಒಂದೇ ಯೋಚನೆ ನಂಗೆ."

ಆಮೇಲಿನ ಎಷ್ಟೋ ಭಾನುವಾರಗಳು ಅವಳ ಹಜಾರದ ನೆಲದ ಮೇಲೆ, ಹೊಲಿಗೆ ಯಂತ್ರದ ಸದ್ದಿನಲ್ಲಿ ಕಳೆದವು. ಅವಳು ಹೊಲಿಯುತ್ತಿದ್ದಳು, ನಾನು ದಾರ ಕತ್ತರಿಸುತ್ತಿದ್ದೆ, ಚಿಕ್ಕಪ್ಪ ಕುರ್ಚಿಯಲ್ಲಿ ಕೂತು ಕುಲಾವಿಗಳನ್ನು ಮೊಣಕಾಲಿಗೆ ತೊಡಿಸಿ ಅಳತೆ ನೋಡುತ್ತಿದ್ದ. ಬಹುಪಾಲು ಚೀಲಗಳು ವರ್ಷದ ಮೇಲೆ ಗಂಟು ಬಿಚ್ಚದೆಯೇ ವಾಪಸ್ಸು ಬರುತ್ತಿದ್ದವು. ಹಾಗೆ ಬಂದ ದಿನ ಅವಳ ಮುಖ ನೋಡಬೇಕಿತ್ತು, ಹಬ್ಬ!

ಬೆಂಕಿಯಾದ ಮೂರು ತಿಂಗಳಿಗೆ ಆ ಮುದುಕ ಚೇತರಿಸಿಕೊಂಡ ಮಗಳನ್ನೂ ಮೊಮ್ಮಗಳನ್ನೂ ಕರೆದುಕೊಂಡು ಬಂದ. ಮಗಳು ಬಂದವಳೇ ಕೂಸನ್ನು ಚಿಕ್ಕಮ್ಮನ ಮಡಿಲಿಗೆ ಹಾಕಿದಳು. ಚಿಕ್ಕಮ್ಮ ಅದರ ಪಾದ ಮುಟ್ಟಿ ನೋಡಿದಳು. "ಬೆಚ್ಚಗಿದೆ" ಎಂದಳು. ಹೊತ್ತು ಇಳಿಯುವ ತನಕ ಕೂಸನ್ನು ಯಾರಿಗೂ ಕೊಡಲಿಲ್ಲ.